ಹೊಸ ಮೀನಿಗೆ ಬೇರೆ ಬಕೀಟು

ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಅನ್ನುವವರಿಗೆ ನನ್ನ ಗಂಡನ ಅಕ್ಕನಂಥವಳು ಸಿಕ್ಕಿರಲಿಕ್ಕಿಲ್ಲ. ಎದುರಿಗೆ ಅವಳಿಗೆ ಬಹುವಚನ, ಇಲ್ಲಿ ಏಕವಚನವೇ ಸಾಕು.

ಎಂಬತ್ತರ ದಶಕದ ಶುರುವಿನ ಮಾತು. ದಾವಣಗೆರೆಯ ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಪಡಸಾಲೆಯ ಗಾಜಿನ ತೊಟ್ಟಿಯೊಂದೇ. ತವರಿನಿಂದ ನಮ್ಮಣ್ಣ ತಂದುಕೊಟ್ಟಿದ್ದ. ಕೆಂಪು ಮೀನು ಸಾಕಿದ್ದೆ. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿರಲಿಲ್ಲ. ಬಂದವರು ಮೊದಲು ಮೀನು ನೋಡುತ್ತಿದ್ದರು, ಆಮೇಲೆ ನನ್ನ ಹೊಟ್ಟೆ.

ಅಕ್ಕನನ್ನು ಹರಿಹರಕ್ಕೆ ಕೊಟ್ಟಿತ್ತು. ಒಂದು ದಿನ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕಪ್ಪು ಮೀನು ಹಿಡಿದುಕೊಂಡು ಬಂದಳು.

"ತಡೀರಿ ಅಕ್ಕಾರೆ," ಅಂದೆ. "ಹೊಸವನ್ನ ಮೂರು ವಾರ ಬ್ಯಾರೆ ಬಕೀಟಿನಾಗ ಇಟ್ಟು ನೋಡ್ಬೇಕು. ರೋಗ ಇದ್ರೆ ಅಲ್ಲೇ ಗೊತ್ತಾಗ್ತೈತೆ."

"ತವರಿಗೆ ತಂದಿದ್ದನ್ನ ಬಕೀಟಿಗೆ ಹಾಕ್ತಾರೇನವ್ವ?" ಅಂದವಳೇ ಚೀಲದ ನೀರಿನ ಸಮೇತ ತೊಟ್ಟಿಗೆ ಸುರಿದುಬಿಟ್ಟಳು.

ವಾರದೊಳಗೆ ನನ್ನ ಮೀನುಗಳ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ ಎದ್ದವು. ಮದ್ದು ಆಗ ನನಗೆ ಗೊತ್ತಿರಲಿಲ್ಲ. ಒಂದೊಂದಾಗಿ ಸತ್ತವು, ಅವಳು ತಂದವೂ ಸತ್ತವು. ಮುಂದಿನ ಸಲ ಬಂದವಳು, ಅರಿಶಿನ ಕುಂಕುಮಕ್ಕೆ ಬಂದಿದ್ದ ಓಣಿಯ ಹೆಂಗಸರೆಲ್ಲರ ಮುಂದೆ ಖಾಲಿ ತೊಟ್ಟಿ ತೋರಿಸಿದಳು.

"ಇವಳ ಕೈಯಾಗ ಮೀನೂ ಉಳಿಯಲ್ಲ ನೋಡ್ರಿ."

ಕುಂಕುಮದ ಬಟ್ಟಲು ಹಿಡಿದು ನಿಂತಿದ್ದೆ. ಮೈ ಉರಿದುಹೋಯಿತು. ಈ ಮಾತನ್ನು ಇವಳ ಬಾಯಿಂದಲೇ ವಾಪಸ್ ತೆಗೆಸದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಅಂದುಕೊಂಡೆ.

ಅಣ್ಣನನ್ನು ಕೇಳಿ ಮದ್ದು ತಿಳಿದುಕೊಂಡೆ: ಕಲ್ಲುಪ್ಪು, ದಿನಾ ಸ್ವಲ್ಪ ಸ್ವಲ್ಪ ನೀರು ಬದಲಾಯಿಸುವುದು. ಆಮೇಲೆ ಕಾದೆ. ಪಂಚಮಿಗೆ ಅಕ್ಕ ಮತ್ತೆ ಮೀನು ಹಿಡಿದು ಬಂದಳು. "ಈ ಸಲನಾದ್ರೂ ನೆಟ್ಟಗೆ ನೋಡ್ಕೋ," ಅಂದಳು.

ನಾನು ಚೀಲ ಮುಟ್ಟಲೇ ಇಲ್ಲ. ಅಲ್ಲೇ ಕೂತಿದ್ದ ನಮ್ಮತ್ತೆಯ ಕಡೆ ತಿರುಗಿದೆ. "ಅತ್ತೇರೆ, ನನ್ನ ಕೈ ಬ್ಯಾಡ. ನೀವೇ ಬಿಡ್ರಿ, ನೀವೇ ತಿನ್ನಾಕೆ ಹಾಕ್ರಿ," ಅಂದೆ. ಹಿಂದಿನ ದಿನ ಹಿಡಿದಿಟ್ಟ ನೀರಿನ ಬಕೀಟು ತಂದಿಟ್ಟೆ. ನಾನು ಹೇಳಿದ ಹಾಗೆ ಅತ್ತೆ ಚೀಲವನ್ನು ಅದರಲ್ಲಿ ತೇಲಿಬಿಟ್ಟರು, ಬಕೀಟಿನ ನೀರನ್ನು ಲೋಟದಿಂದ ಚೀಲಕ್ಕೆ ಅಷ್ಟಷ್ಟೇ ಹಾಕಿದರು, ಕೊನೆಗೆ ಮೀನಷ್ಟೇ ಹಿಡಿದು ಬಿಟ್ಟರು. ತವರಿಗೆ ತಂದ ಮೀನು ಬಕೀಟಿನಲ್ಲಿ ಕೂತದ್ದಕ್ಕೆ ಅಕ್ಕ ಮುಖ ಊದಿಸಿಕೊಂಡಳು. ಹಬ್ಬದೂಟಕ್ಕಿಂತ ನನಗೆ ಅದೇ ರುಚಿಯಾಗಿತ್ತು.

ಅವಳು ಊರಿಗೆ ಹೊರಡುವ ಮೊದಲೇ ಚುಕ್ಕಿ ಎದ್ದವು. ಮೊದಲು ಕಂಡದ್ದು ಅತ್ತೆಗೇ. "ದಿನಾ ಮಂಡಕ್ಕಿ ಪುಡಿ ಹಾಕಿದಾಕಿ ನಾನು. ಇವಳು ಕೈ ಸೈತ ಹಚ್ಚಿಲ್ಲ," ಅಂತ ಮಗಳಿಗೆ ಹೇಳಿ ಅಡುಗೆಮನೆಗೆ ಹೋದರು.

ಅಕ್ಕನ ಮುಖ ಇಳಿಯಿತು. "ಏನಾರ ಮಾಡಿ ಉಳಿಸವ್ವ," ಅಂದಳು.

ಉಪ್ಪಿನ ಬಟ್ಟಲು ತಂದು ಬಕೀಟಿನ ಮುಂದೆ ಕೂತೆ. "ನನ್ನ ಮೀನು ಯಾತಕ್ಕ ಸತ್ವು, ಹೇಳ್ರಿ."

"ನಾ ತಂದ ಮೀನಿನಿಂದ," ಅಂದಳು, ತುಟಿಯೊಳಗೇ.

"ಅತ್ತೇರಿಗೆ ಕೇಳಿಸ್ಲಿಲ್ಲ."

ಸ್ವಲ್ಪ ಜೋರಾಗಿ ಹೇಳಿದಳು. ನಾನು ಎದ್ದು ಹೋಗಿ ಬೀದಿ ಬಾಗಿಲನ್ನು ಪೂರ್ತಿ ತೆಗೆದೆ. ಎದುರು ಮನೆಯ ಕಟ್ಟೆಯ ಮೇಲೆ ಓಣಿಯ ಹೆಂಗಸರು ಕೂತಿದ್ದರು.

"ಈಗ ಹೇಳ್ರಿ, ಅಕ್ಕಾರೆ."

ಹೇಳಿದಳು. ಆಮೇಲೆ ಉಪ್ಪು ಹಾಕಿದೆ.