ಕನಕರಾಯ ಕಲಿಸಿದ ಹಗ್ಗ

ಗುರುಗುಂಟಾದಲ್ಲಿ ಜೋಳ ಇಡುವುದು ನೆಲದೊಳಗೆ. ಎರಡಾಳು ಆಳದ ಗುಂಡಿ, ಒಬ್ಬ ಇಳಿಯುವಷ್ಟೇ ಬಾಯಿ, ಮೇಲೊಂದು ಬಂಡೆ. ಅದಕ್ಕೆ ಹಗೇವು ಎನ್ನುತ್ತಾರೆ. ಬಂಡೆ ಸರಿಸಿದ ದಿನ ಯಾರೂ ಇಳಿಯುವುದಿಲ್ಲ. ಮರುದಿನ ಕಂದೀಲು ಇಳಿಬಿಟ್ಟು, ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಒಳಗಿನ ಕೆಟ್ಟ ಗಾಳಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲ.

ಇದು ಅದೇ ಊರಿನ ರೈತ ಕನಕರಾಯನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನನಗೆ ಸಿಟ್ಟು ಬರುವುದೇ ಅದಕ್ಕೆ. 1950ರಲ್ಲಿ, ರಜಾಕಾರರ ಹೆದರಿಕೆಗೆ ಮುಚ್ಚಿಟ್ಟಿದ್ದ ಹಗೇವು ತೆರೆದ ದಿನವೇ ಅವನಿಗೆ ಲಿಂಗಸೂಗೂರಿನ ಸಂತೆಗೆ ಜೋಳ ಒಯ್ಯುವ ಅವಸರ. ಇಳಿಬಿಟ್ಟ ಕಂದೀಲು ತಟ್ಟನೆ ಆರಿತು.

“ಎಣ್ಣಿ ತೀರೈತಿ ಬಿಡು. ಲೇ ಯಂಕೋಬ, ಇಳಿ,” ಎಂದ.

ಅಣ್ಣನ ಮಾತು ಮೀರದ ತಮ್ಮ ಇಳಿದ. ಒಂದು ಬುಟ್ಟಿಯೂ ತುಂಬಲಿಲ್ಲ, ಕುಸಿದ. ಹಿಂದೆಯೇ ಧುಮುಕಲು ಹೋದ ಕನಕರಾಯನನ್ನು ನೆರೆಯವರು ಹಿಡಿದು ಕೆಡವಿದರು. ಗಾಳಿ ತಿಳಿಯಾಗಿ ಯಂಕೋಬನನ್ನು ಎತ್ತುವ ಹೊತ್ತಿಗೆ ಮೈ ತಣ್ಣಗಾಗಿತ್ತು.

ಆಮೇಲೆ ತಮ್ಮನ ಹೆಂಡತಿ ಅಯ್ಯಮ್ಮ ಬಡಿಸಿದರೆ ಕನಕರಾಯ ತಟ್ಟೆ ಸರಿಸಿ ಎದ್ದುಬಿಡುವನು. ಯಾರ ಹಗೇವು ತೆರೆದರೂ ಕರೆಯದೆ ಹೋಗಿ ನಿಲ್ಲುವನು. ಎಳೆಯುವುದು ಜನರಿಗೆ ರೂಢಿಯಾಗಲೆಂದು, ಗಾಳಿಯಾಡಿದ ಖಾಲಿ ಹಗೇವಿಗೆ ಕಂಕುಳ ಕೆಳಗೆ ಹಗ್ಗ ಬಿಗಿದುಕೊಂಡು ತಾನೇ ಇಳಿದು, ಹೆಣದ ಹಾಗೆ ಬೀಳುವನು.

“ಎಳೀರಿ! ಹಿಂದ ಯಾರೂ ಇಳೀಬ್ಯಾಡ್ರಿ!” ಎಂದು ಒಳಗಿನಿಂದಲೇ ಕೂಗುವನು.

“ಸತ್ತಾಂವ ಒದರ್ತಾನೇನೋ?” ಎಂದು ನೆರೆಯ ಪೀರ್‌ಸಾಬ್ ನಗುತ್ತಿದ್ದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಎಂದು ಊರು ಆಡಿಕೊಂಡಿತು. ಆದರೂ ಎಳೆಯಿತು. ಕೈಗೆ ಬೊಬ್ಬೆ ಬರುವವರೆಗೆ ಎಳೆದು ಎಲ್ಲರೂ ಕಲಿತರು. ಅಯ್ಯಮ್ಮನೂ ಕಲಿತಳು.

1954ರಲ್ಲಿ ಪೀರ್‌ಸಾಬ್ ತನ್ನ ಹಗೇವಿಗೆ ಹಗ್ಗ ಕಟ್ಟಿಕೊಂಡೇ ಇಳಿದ. ದೀಪ ಉರಿದಿತ್ತು, ಆದರೂ ತಳದ ಮುಗ್ಗಿದ ಜೋಳ ಕೆದಕುತ್ತಲೇ ವಾಲಿಬಿಟ್ಟ. ಯಾರೂ ಧುಮುಕಲಿಲ್ಲ. ಎಲ್ಲರಿಗಿಂತ ಮುಂದೆ ನಿಂತು ಹಗ್ಗ ಎಳೆದವಳು ಅಯ್ಯಮ್ಮ. ಮೇಲೆ ಬಂದ ಪೀರ್‌ಸಾಬ್ ಕೆಮ್ಮಿದ, ಕಕ್ಕಿದ, ನೀರು ಕೇಳಿದ.

ಜನ ಕನಕರಾಯನ ಬೆನ್ನು ತಟ್ಟಿದರು. ಅವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಯ್ಯಮ್ಮ ಹಗ್ಗ ಸುತ್ತುತ್ತ ಹತ್ತಿರ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಭಾವಾ, ಆವತ್ತೂ ಮನ್ಯಾಗ ಹಗ್ಗ ಇತ್ತಲ್ರೀ?”

“ಇತ್ತವ್ವಾ,” ಎಂದ ಕನಕರಾಯ. “ಗಾಡಿಗೆ ಬಿಗಿದಿದ್ದೆ. ಬಿಚ್ಚಿದ್ರ ಸಂತಿಗೆ ಹೊತ್ತಾಗ್ತೈತಿ ಅನ್ನಿಸ್ತು.”