ಸಿಂದಗಿಯ ಓಣಿ ನನ್ನ ಸೀರೆ ಕೇಳಿದ್ದು

ಸಿಂದಗಿಗೆ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ, ಎದುರಿನ ಕಟ್ಟೆಯ ಮೇಲೆ ನಾಲ್ಕಾರು ಹೆಂಗಸರು ಕೂತು ಒಂದು ಇಳಕಲ್ ಸೀರೆಯನ್ನು ಚರ್ರನೆ ಹರಿಯುತ್ತಿದ್ದರು. ಜಗಳವೇನೂ ಇಲ್ಲ, ನಗುನಗುತ್ತಲೇ ಹರಿಯುತ್ತಿದ್ದರು. ನಮ್ಮ ಮೈಸೂರಿನಲ್ಲಿ ಸೀರೆ ಹಳೆಯದಾದರೆ ಸ್ಟೀಲ್ ಪಾತ್ರೆಯವನ ಬುಟ್ಟಿಗೆ ಹೋಗುತ್ತದೆ; ಅವನ ಜೊತೆ ಗಂಟಲು ಹರಿದುಕೊಂಡು ಚೌಕಾಶಿ ಮಾಡಿ ಒಂದು ಡಬ್ಬಿ ಗಿಟ್ಟಿಸುತ್ತೇವೆ. ಕೈಯಾರೆ ಸೀರೆ ಹರಿಯುವುದನ್ನು ನಾನು ಕಂಡವಳೇ ಅಲ್ಲ.

“ಏನ್ರೀ ಇದು, ಇಷ್ಟು ಚೆನ್ನಾಗಿರೋ ಸೀರೆ!” ಎಂದೆ.

“ಕೌದಿ ಮಾಡಾಕತ್ತೇವ್ರಿ ಅಕ್ಕಾರ,” ಎಂದರು ಗೌರವ್ವ. ನಾವು ಬಾಡಿಗೆಗಿದ್ದ ಮನೆ ಅವರದೇ. “ಮಗಳು ಶಾಂತಾ ಹಡ್ಯಾಕ ಆಲಮೇಲದಿಂದ ಬಂದಾಳ. ಬರೂ ಕೂಸಿಗಿ ಹೊಚ್ಚಾಕ ಬೇಕಲ್ರಿ.”

ಕೌದಿ ಎಂದರೆ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಒತ್ತೊತ್ತಾಗಿ ದಾರ ಎಳೆದು ಮಾಡುವ ಹೊದಿಕೆ. ಈ ಓಣಿಯಲ್ಲಿ ಚೊಚ್ಚಲ ಕೂಸಿನ ಕೌದಿಗೆ ಮನೆಗೊಂದರಂತೆ ಬಟ್ಟೆ ಕೇಳಿ ತರುತ್ತಾರೆ. ಆಚೆಮನೆಯ ಮೆಹಬೂಬಿ ತನ್ನ ಹಳದಿ ಓಢಣಿ ಕೊಟ್ಟಿದ್ದಳು. ನನ್ನ ಬಾಗಿಲಿಗೆ ಮಾತ್ರ ಯಾರೂ ಬರಲಿಲ್ಲ. ಯಜಮಾನರು ಹೈಸ್ಕೂಲ್ ಮೇಷ್ಟರು. ಇಂದು ಬಂದವರು, ನಾಳೆ ವರ್ಗವಾಗಿ ಹೋಗುವವರು. ನನಗೆ ಬೇಜಾರಾಯಿತು. ಕೇಳಿದ್ದರೆ ಇಲ್ಲವೆನ್ನುತ್ತಿದ್ದೆನೆ?

ಸಂಜೆ ಪೇಟೆಗೆ ಹೋಗಿ ಗಿಳಿಹಸಿರು ಪಾಪ್ಲಿನ್ ಕತ್ತರಿಸಿ ತಂದು ನಾನೇ ಕೊಟ್ಟೆ. ಗೌರವ್ವ ಅದನ್ನು ಕೆನ್ನೆಗೆ ಒತ್ತಿ ನೋಡಿ, ಮಡಿಸಿ ನನ್ನ ಕೈಗೇ ಇಟ್ಟರು.

“ಸಿಟ್ಟಾಗಬ್ಯಾಡ್ರಿ ಅಕ್ಕಾರ. ಹೊಸಾ ಅರಬಿ ಕೂಸಿಗಿ ಚುಚ್ಚತೈತಿ. ಯಾರರ ಉಟ್ಟು, ಒಗದು ಮೆತ್ತಗಾಗಿರಬೇಕು.”

ಅರಬಿ ಎಂದರೆ ಬಟ್ಟೆ. ನಮ್ಮ ರಾಜ್ಯಕ್ಕೆಲ್ಲ ಈಗ ಕರ್ನಾಟಕವೆಂಬ ಒಂದೇ ಹೆಸರು ಬಂದಿದೆ, ಆದರೆ ಬಟ್ಟೆಗೆ ಇಲ್ಲಿ ಬೇರೆ, ಅಲ್ಲಿ ಬೇರೆ. ನಮ್ಮಲ್ಲಿ ಮಗುವಿಗೆ ಹೊಸದನ್ನೇ ಕೊಡಬೇಕು, ಹಳೆಯದು ಕೊಟ್ಟರೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ಇಲ್ಲಿ ನಾಲ್ಕು ಜನ ಉಟ್ಟದ್ದೇ ಬೇಕು.

ನಾನೂ ಸುಮ್ಮನಿರುವ ಜಾತಿಯಲ್ಲ. ಮೈಸೂರಿನ ಮಹಿಳಾ ಸಮಾಜದಲ್ಲಿ ಹೂಬಳ್ಳಿ ಕಸೂತಿಗೆ ಬಹುಮಾನ ಹೊಡೆದವಳು! ಹೊಸ ಬಟ್ಟೆಯಲ್ಲೇ ಕೌದಿ ಮಾಡಿ ತೋರಿಸುತ್ತೇನೆಂದು ಹಟ ಹಿಡಿದೆ. ಕಾಗದದ ಮೇಲೆ ಸ್ಕೇಲಿಟ್ಟು ನವಿಲು ಬರೆದು, ಅಳತೆಗೆ ಸರಿಯಾಗಿ ಕತ್ತರಿಸಿ ಹೊಲಿದೆ. ನವಿಲು ನೋಡಿ ಇಡೀ ಓಣಿ ಬೆರಗಾಯಿತು. ಮೊದಲ ಸಲ ಒಗೆದು ಹರವಿದಾಗ ಒಂದು ಬಟ್ಟೆ ಹೆಚ್ಚು ಕುಗ್ಗಿ, ಇನ್ನೊಂದು ಕುಗ್ಗದೆ, ನವಿಲು ಸುಟ್ಟ ಹಪ್ಪಳದ ಹಾಗೆ ಮುರುಟಿಕೊಂಡಿತು. ಮೆಹಬೂಬಿ ಸೆರಗು ಬಾಯಿಗಿಟ್ಟುಕೊಂಡಳು. ನಾನೇ ಮೊದಲು ನಕ್ಕುಬಿಟ್ಟೆ, ಆಮೇಲೆ ಎಲ್ಲರೂ ನಕ್ಕರು.

“ಬರ್ರಿ, ನನ್ನ ಬಾಜೂಕ ಕುಂದರ್ರಿ,” ಎಂದು ಗೌರವ್ವ ಚಾಪೆ ಸರಿಸಿದರು. ಅಂದಿನಿಂದ ಮಧ್ಯಾಹ್ನದ ಹೊತ್ತು ನನ್ನ ಜಾಗ ಅಲ್ಲಿಯೇ. ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತ ನಡುವಿಗೆ ಬರುವುದು, ಪದರ ಸರಿಯದಂತೆ ಎಡಗೈಯಿಂದ ಒತ್ತಿ ಹಿಡಿಯುವುದು, ಅಳತೆಪಟ್ಟಿಯಿಲ್ಲದೆ ಬಟ್ಟೆಯನ್ನೇ ಮಡಿಸಿ ತ್ರಿಕೋನ ಮಾಡುವುದು, ಎಲ್ಲ ಕಲಿತೆ. ನಡುನಡುವೆ ಗರಿಗರಿಯಾದ ಕಟಕ ರೊಟ್ಟಿ, ಶೇಂಗಾ ಚಟ್ನಿ. ಆ ಖಾರಕ್ಕೆ ಮೊದಮೊದಲು ಕಣ್ಣಲ್ಲಿ ನೀರು ಬರುತ್ತಿತ್ತು. ಅಮ್ಮನ ನೆನಪಿಗೂ ಬರುತ್ತಿತ್ತು, ಹೊರಗೆ ಮಾತ್ರ ಖಾರದ ಮೇಲೇ ಹಾಕುತ್ತಿದ್ದೆ.

ನನ್ನದೇ ಒಂದು ಚಿತ್ತಾರ ಸಿಕ್ಕಿದ್ದು ಮಾಳಿಗೆಯ ಮೇಲೆ. ಮೆಣಸಿನಕಾಯಿ ಒಣಹಾಕಲು ಹತ್ತಿದ್ದೆ. ಊರಾಚೆ ಎರೆಹೊಲದ ಕಪ್ಪು, ಜೋಳದ ಹಸಿರು, ಅಂಚಿಗೆ ಕುಸುಬೆಯ ಹಳದಿ, ಬದುಗಳು ಹೊಲಿಗೆಯ ಸಾಲುಗಳಂತೆ. ಗಿಡಮರ ಕಾಣದ ಬೋಳು ಸೀಮೆಯೆಂದು ಬಂದ ಹೊಸದರಲ್ಲಿ ಅಮ್ಮನಿಗೆ ಬರೆದಿದ್ದೆ, ಅದೇ ಸೀಮೆ! ಹಳೆಯ ಕೊಡೆಬಟ್ಟೆಯ ಕಪ್ಪಿಟ್ಟು, ನನ್ನ ಹಸಿರು ಲಂಗವಿಟ್ಟು ಆ ಹೊಲಗಳನ್ನೇ ನಮ್ಮ ಮನೆಗೆಂದು ಹೊಲಿದ ಕೌದಿಗಿಳಿಸಿದೆ. ಬದುಗಳಿಗೆ ಮೈಸೂರಿನಲ್ಲಿ ಕಲಿತ ಸರಪಳಿ ಹೊಲಿಗೆ. ಗೌರವ್ವ ನೋಡಿ, “ಇದು ನಮ್ಮ ಹೊಲಾನ ಐತಲ್ರಿ!” ಎಂದರು. ಯಾವ ಬಹುಮಾನಕ್ಕೂ ನಾನು ಅಷ್ಟು ಬೀಗಿರಲಿಲ್ಲ.

ಮುಂದಿನ ವರ್ಷ ಮೆಹಬೂಬಿಯ ಮಗಳು ಬಸುರಿಯಾಗಿ ತವರಿಗೆ ಬಂದಳು. ಒಂದು ದಿನ ಬಾಗಿಲು ಬಡಿದ ಸದ್ದಾಯಿತು. ಹೊಸ್ತಿಲಾಚೆ ಮೆಹಬೂಬಿ, ಅವಳ ಹಿಂದೆ ಗೌರವ್ವ.

“ಅಕ್ಕಾರ, ನಿಮ್ಮದೊಂದು ಹಳೇ ಸೀರಿ ಕೊಡ್ರಿ. ನಡುವಿನ ಚಿತ್ತಾರಾನೂ ನೀವ ಹಾಕಬೇಕು ನೋಡ್ರಿ.”

ಟ್ರಂಕು ತೆಗೆದೆ. ಇದ್ದದ್ದರಲ್ಲಿ ಎಲ್ಲಕ್ಕಿಂತ ಮೆತ್ತಗಿದ್ದದ್ದು ಅಮ್ಮನ ನೂಲಿನ ಸೀರೆ. ನಾನು ಊರು ಬಿಡುವಾಗ ತಾನು ಉಟ್ಟದ್ದನ್ನೇ ಕೊಟ್ಟಿದ್ದಳು. ಕೈ ಸ್ವಲ್ಪ ಹಿಂಜರಿಯಿತು. ಆಮೇಲೆ ನಾನೇ ಅಂಚು ಹಲ್ಲಿಗಿಟ್ಟು ಸೀಳಿ, ಚರ್ರನೆ ಹರಿದೆ. ಕೌದಿ ಮುಗಿಯುತ್ತ ಬಂದಾಗ, ನಡುವಿನ ಕೊನೆಯ ಸಂದು ಮುಚ್ಚುವ ಮೊದಲು ಕೂಸು ಹಸಿದಿರಬಾರದೆಂದು ಒಳಗೊಂದು ರೊಟ್ಟಿಚೂರು ಇಡುವುದು ಇವರ ಪದ್ಧತಿ. ಆ ಚೂರನ್ನು ನನ್ನ ಕೈಯಿಂದಲೇ ಇಡಿಸಿದರು.

ಈ ಬೇಸಿಗೆಯಲ್ಲಿ ಮೈಸೂರಿಗೆ ಹೋಗಿದ್ದೆ. ಹಾಸಿಗೆ ಮೆತ್ತಗಿತ್ತು, ಹೊದಿಕೆ ಮಾತ್ರ ಹಗುರವೆನಿಸಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಅಮ್ಮ ಕೇಳಿದಳು: “ನನ್ನ ಸೀರೆ ಎಲ್ಲೇ? ಪಾತ್ರೆಯವನಿಗೆ ಹಾಕಿಬಿಟ್ಯಾ?”

“ಇಲ್ಲಮ್ಮ. ಸಿಂದಗೀಲಿ ಮೆಹಬೂಬಿ ಮೊಮ್ಮಗ ಹೊದ್ದುಕೊಂಡು ಮಲಗಿದ್ದಾನೆ,” ಎಂದು ಓಣಿಯ ಪದ್ಧತಿಯನ್ನೆಲ್ಲ ವಿವರಿಸಿದೆ. ಬೈಯುತ್ತಾಳೇನೋ ಎಂದುಕೊಂಡೆ. ಅವಳು ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಅಜ್ಜಿಯ ಕಂದುಬಣ್ಣದ ಸೀರೆಯಿತ್ತು. ಅದನ್ನು ತಾನೇ ಒಮ್ಮೆ ಕೆನ್ನೆಗೊತ್ತಿಕೊಂಡು ನನ್ನ ಮಡಿಲಿಗೆ ಹಾಕಿದಳು.

“ತೊಗೊಂಡ್ಹೋಗು. ನಿಮ್ಮೂರಲ್ಲಿ ಬೇಕಾಗುತ್ತೆ.”

ಹುಟ್ಟಿದ ಮನೆಯ ಪಡಸಾಲೆಯಲ್ಲಿ ಕೂತಿದ್ದೆ. ನಿಮ್ಮೂರು ಎಂದಳು ಅಮ್ಮ. ನಾನು ತಿದ್ದಲಿಲ್ಲ.