ಆಫ್ ಮಾಡುವ ಗುಂಡಿ

ಎನ್.ಆರ್.ಪುರದ ಕಡೆಯ ನಮ್ಮ ಹೈಸ್ಕೂಲಿಗೆ ಕಂಪ್ಯೂಟರ್ ಬಂದಾಗ, ಗಣಿತದ ಟೀಚರಾಗಿದ್ದ ನನ್ನ ತಲೆಗೇ ಅದನ್ನೂ ಕಟ್ಟಿದರು. ಯಂತ್ರಗಳನ್ನು ನಡೆಸುತ್ತಿದ್ದ ತಂತ್ರಾಂಶ ಲಿನಕ್ಸ್. ಪುಸ್ತಕದಲ್ಲಿ ಇದ್ದದ್ದು ವಿಂಡೋಸ್, ಅದರಲ್ಲಿ ಗುಂಡಿಗಳ ಜಾಗವೇ ಬೇರೆ. ಮಕ್ಕಳು ಕ್ಲಾಸಿನಲ್ಲಿ ಒಂದನ್ನು ಬಾಯಿಪಾಠ ಮಾಡಿ, ಲ್ಯಾಬಿನಲ್ಲಿ ಇನ್ನೊಂದನ್ನು ಒತ್ತುತ್ತಿದ್ದರು. ಇದು ವಿಚಿತ್ರ ಅನ್ನಿಸಿದ್ದು ನನಗೊಬ್ಬಳಿಗೇ ಇರಬೇಕು.

ದಸರಾ ರಜೆಗೆ ಮುಂಚಿನ ಪರೀಕ್ಷೆಯಲ್ಲಿ, ಕಂಪ್ಯೂಟರ್ ಆಫ್ ಮಾಡುವುದು ಹೇಗೆ ಎಂದು ಕೇಳಿದ್ದರು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು 'ಮೇಲೆ ಬಲಮೂಲೆಯ ಗುಂಡಿ ಒತ್ತಬೇಕು' ಎಂದು ಬರೆದಳು. ಅವಳ ಅಮ್ಮ ತೋಟದ ಕೆಲಸಕ್ಕೆ ಹೋಗುವವರು. ಅವಳು ಮುಟ್ಟಿದ ಕಂಪ್ಯೂಟರ್ ನಮ್ಮ ಲ್ಯಾಬಿನದು ಮಾತ್ರ, ಅದರಲ್ಲಿ ಆ ಗುಂಡಿ ಇದ್ದದ್ದು ಅಲ್ಲೇ. ಉತ್ತರಪತ್ರಿಕೆಗಳನ್ನು ಪಕ್ಕದ ಶಾಲೆಯವರು ತಿದ್ದುವುದು ನಮ್ಮಲ್ಲಿನ ವಾಡಿಕೆ. ಅವರು ಪುಸ್ತಕ ನೋಡಿ ಸೊನ್ನೆ ಸುತ್ತಿದರು. ರಜೆಯಲ್ಲಿ ಎನ್.ಆರ್.ಪುರದಲ್ಲಿ ನಡೆಯುವ ಕಂಪ್ಯೂಟರ್ ಶಿಬಿರಕ್ಕೆ ಅಂಕ ನೋಡಿ ಕಳಿಸುವುದೆಂದು ತೀರ್ಮಾನವಾಗಿತ್ತು. ಆ ಸೊನ್ನೆಯಿಂದ ಅವಳ ಜಾಗ ಹೋಯಿತು.

ಅವಳ ಉತ್ತರಪತ್ರಿಕೆ ಹಿಡಿದುಕೊಂಡು ನೇರ ಹೆಡ್‌ಮಾಸ್ಟರ ಕೋಣೆಗೆ ಹೋದೆ.

"ಪುಸ್ತಕದಲ್ಲಿ ಇಲ್ಲದ್ದನ್ನ ಬರ್ದ್ರೆ ಮಾರ್ಕ್ಸ್ ಎಂತಕ್ಕೆ ಕೊಡದು ಮಾರಾಯ್ರೆ?" ಎಂದರು ಅವರು.

"ಹಾಗಾದ್ರೆ ಪುಸ್ತಕ ಹಿಡ್ಕೊಂಡು ಲ್ಯಾಬಿಗೆ ಬನ್ನಿ ಸರ್. ಅದ್ರಲ್ಲಿದ್ದ ಹಾಗೇ ಆಫ್ ಮಾಡಿ ತೋರ್ಸಿ."

ಬಂದರು. ಚಪ್ಪಲಿ ಹೊರಗೆ ಬಿಟ್ಟು, ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು, ಅದರಲ್ಲಿದ್ದಂತೆ ಪರದೆಯ ಕೆಳಗಿನ ಎಡಮೂಲೆಯನ್ನು ಮೌಸಿನಿಂದ ಒತ್ತಿದರು. ಪರದೆಯ ಮೇಲೆ ತೆರೆದಿದ್ದದ್ದೆಲ್ಲ ಮಾಯ. ಹೌಹಾರಿ ಕೈ ಹಿಂದೆಳೆದುಕೊಂಡರು.

"ಅಯ್ಯೋ, ಹಾಳಾಯ್ತಾ ಎಂತ?"

"ಹಾಳಾಗ್ಲಿಲ್ಲ ಸರ್. ಪುಸ್ತಕದ ಗುಂಡಿ ಇಲ್ಲಿಲ್ಲ, ಅಷ್ಟೇ. ಇದ್ದದ್ದನ್ನ ಇದ್ದ ಹಾಗೆ ಬರ್ದವಳಿಗೆ ಸೊನ್ನೆ."

ಪುಸ್ತಕ ಮುಚ್ಚಿಟ್ಟು, ಪಕ್ಕದ ಶಾಲೆಗೆ ಫೋನ್ ಮಾಡಿದರು. ಅಂಕ ಸಿಕ್ಕಿತು, ಶಿಬಿರದ ಜಾಗವೂ ಮರಳಿತು. ಆದರೆ ಫೋನ್ ಇಟ್ಟವರು ನನ್ನನ್ನು ಸುಮ್ಮನೆ ಬಿಡಲಿಲ್ಲ.

"ಶಿಬಿರದಲ್ಲಿ ಇರದು ವಿಂಡೋಸೇ. ಅಲ್ಲಿ ಎಲ್ಲರ ಎದ್ರು ಆ ಹುಡುಗಿ ಪೆಚ್ಚಾದ್ರೆ ಎಂತ ಮಾಡ್ತೀರಿ?"

ಅವರ ಮಾತು ತಪ್ಪೇನಲ್ಲ. ಆದರೂ ಹಿಡಿದ ಪಟ್ಟು ಬಿಡಲಿಲ್ಲ. ಅವಳನ್ನು ಕಳಿಸಿಯೇ ಕಳಿಸಿದೆ. ರಜೆಯುದ್ದಕ್ಕೂ ಭಯ ಮಾತ್ರ ಇತ್ತು, ಹಟಕ್ಕೆ ಬಿದ್ದು ಮಗುವಿನ ಮರ್ಯಾದೆ ಕಳೆದೆನೇನೋ ಎಂದು.

ಶಾಲೆ ಶುರುವಾದ ದಿನ ಅಂಗಳದಲ್ಲೇ ಅವಳನ್ನು ನಿಲ್ಲಿಸಿ, ಶಿಬಿರ ಹೇಗಾಯಿತೆಂದು ಕೇಳಿದೆ.

"ಆ ಗುಂಡಿ ಅಲ್ಲಿ ಮೇಲೆ ಇರ್ಲಿಲ್ಲ ಮೇಡಂ."

"ಮತ್ತೆ ಎಂತ ಮಾಡ್ದೆ?"

"ಹುಡ್ಕಿದೆ. ಕೆಳಗಿತ್ತು," ಎಂದವಳು ಗೆಳತಿಯರ ಕಡೆಗೆ ಓಡಿದಳು.